ಬಿಸಿಲು ಚಪ್ಪರದ ಮೊದಲ ಕಂಬ

ಗೊಲ್ಲಾಳಪ್ಪನಷ್ಟು ಹಟಮಾರಿಯಾದ ಇನ್ನೊಬ್ಬ ಮನುಷ್ಯನನ್ನು ನಾನು ಸೋಲಾಪುರದಲ್ಲಿ ಕಂಡಿಲ್ಲ. ಕಬ್ಬಿಣ ಬೆಸೆಯುವವರು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಆಗ ಬೇಕಾದಷ್ಟು ಜನ ಇದ್ದರು. ಬೆಸುಗೆ ಹಾಕಿ, ಬೀಡಿ ಹಚ್ಚಿ, ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಇವನು ಹಾಗಲ್ಲ. ಬೆಸುಗೆ ಆರಿದ ಮೇಲೆ ಸಣ್ಣ ಸುತ್ತಿಗೆಯಿಂದ ಒಂದೊಂದೇ ಜೋಡಣೆಯನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಸದ್ದು ಮನಸ್ಸಿಗೆ ಬರದಿದ್ದರೆ ಇಡೀ ದಿನದ ಕೆಲಸವನ್ನು ಕಡಿದು ಹಾಕಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಅವನನ್ನು ಕೆಲಸಕ್ಕೆ ಕರೆದವರು ಎರಡು ದಿನ ಬೈದುಕೊಳ್ಳುತ್ತಿದ್ದರು, ಮುಂದಿನ ಸಲ ಮತ್ತೆ ಅವನನ್ನೇ ಕರೆಯುತ್ತಿದ್ದರು.

ನಾನು ನಕ್ಷೆ ಬರೆಯುವವನು, ಸಾತಲಿಂಗಪ್ಪ. ಪಾಲಿಟೆಕ್ನಿಕ್ ಮುಗಿಸಿದ ಮೇಲೆ ಮನೆತನದ ನೂಲಿನ ಅಂಗಡಿಯ ಗಾದಿಯ ಮೇಲೆ ಕೂತು ಗಿರಾಕಿಗಳ ಮುಖ ನೋಡುವುದು ನನ್ನಿಂದ ಆಗಲಿಲ್ಲ. ನನ್ನ ಚಿಕ್ಕಪ್ಪ ನಾಗಣ್ಣ ಕಾಕಾನಿಗೆ ಎಂಐಡಿಸಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಇತ್ತು. ಅಲ್ಲಿ ಒಂದು ಮೇಜು, ಒಂದು ಕುರ್ಚಿ ಕೊಟ್ಟು ನನ್ನನ್ನು ಇಂಜಿನಿಯರ್ ಮಾಡಿಬಿಟ್ಟರು. ಆಗ ನನಗೆ ಇಪ್ಪತ್ತಾರು. ಜಗತ್ತಿನಲ್ಲಿ ಕಾರಣವಿಲ್ಲದ ಸದ್ದು ಇಲ್ಲ ಎಂದು ಬಲವಾಗಿ ನಂಬಿದ್ದೆ.

ಗೊಲ್ಲಾಳಪ್ಪನ ಊರು ಮಂಗಳವೇಢೆ ತಾಲ್ಲೂಕಿನ ನಂದೇಶ್ವರ. ಕುರಿ ಕಾಯುವ ಮನೆತನ, ಬೀರೋಬನ ಒಕ್ಕಲು. ಅವನು ಕುರಿಗಳನ್ನು ತಮ್ಮನಿಗೆ ಬಿಟ್ಟು, ಹೆಂಡತಿ ತುಳಜಾಬಾಯಿಯನ್ನೂ ಎಳೆ ಮಗಳನ್ನೂ ಕರೆದುಕೊಂಡು ಕೊಯ್ನಾ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದ. ಬೆಸುಗೆ ಕಲಿತದ್ದು ಅಲ್ಲೇ. ಅರವತ್ತೇಳರ ಡಿಸೆಂಬರಿನಲ್ಲಿ ಅಲ್ಲಿ ಭೂಮಿ ನಡುಗಿದಾಗ ಅವರಿದ್ದ ಕಲ್ಲುಗೋಡೆಯ, ತಗಡಿನ ಮಾಡಿನ ಕೋಣೆ ಬಿದ್ದು ಆರು ವರ್ಷದ ಮಗಳು ಗುರುಬಾಯಿ ಸತ್ತಳು. ಗಂಡ ಹೆಂಡತಿ ಈ ಕಡೆ ಬಂದು ಅಕ್ಕಲಕೋಟದಲ್ಲಿ ಬಾಡಿಗೆ ಮನೆ ಹಿಡಿದರು. ಹಿಡಿದದ್ದೇ ಬಂತು, ತುಳಜಾಬಾಯಿ ಅದರ ಹೊಸ್ತಿಲು ದಾಟಿ ಒಳಗೆ ಹೋಗಲಿಲ್ಲ. ಅಡುಗೆ ಅಂಗಳದಲ್ಲಿ, ಊಟ ಅಂಗಳದಲ್ಲಿ, ಮಲಗುವುದೂ ಅಂಗಳದಲ್ಲಿ. ಮಳೆ ಬಂದರೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಬೇವಿನ ಗಿಡದ ಬುಡದಲ್ಲಿ ಕೂತಿರುತ್ತಿದ್ದಳಂತೆ. ಊರವರ ಚಪ್ಪರ, ಗೋದಾಮು, ಮಗ್ಗದ ಶೆಡ್ಡು ಎಲ್ಲಕ್ಕೂ ಮಾಡು ಹಾಕಿಕೊಟ್ಟವನ ಹೆಂಡತಿ ಹನ್ನೊಂದು ವರ್ಷ ಯಾವ ಮಾಡಿನ ಕೆಳಗೂ ಕೂರಲಿಲ್ಲ.

ಎಪ್ಪತ್ತೆಂಟರಲ್ಲಿ ನಾಗಣ್ಣ ಕಾಕಾನ ತಲೆಗೆ ಬಿಸಿಲು ಹೊಕ್ಕಿತು. ಬಣ್ಣಕ್ಕೆ ಬಿಸಿನೀರು ಬೇಕು, ಬಿಸಿನೀರಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿನ ವ್ಯಾಗನ್ನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪುಣೆಯ ಒಂದು ಪ್ರದರ್ಶನದಲ್ಲಿ ಅವರು ಬಿಸಿಲಿನಿಂದ ನೀರು ಕಾಯಿಸುವ ಫಲಕಗಳನ್ನು ನೋಡಿ ಬಂದರು. ಅಗಲವಾದ ತಗಡಿನ ಪೆಟ್ಟಿಗೆ, ಒಳಗೆ ಕಪ್ಪು ಬಳಿದ ತಾಮ್ರದ ಕೊಳವೆ, ಮೇಲೆ ಗಾಜು. ಸೋಲಾಪುರದಲ್ಲಿ ನೀರಿಗೆ ಬರ, ಬಿಸಿಲಿಗೇನು ಬರ? ಅಂಥ ಇಪ್ಪತ್ತನಾಲ್ಕು ಫಲಕಗಳನ್ನೂ ನೀರಿನ ಟ್ಯಾಂಕನ್ನೂ ಅಂಗಳದಲ್ಲಿ ಕಬ್ಬಿಣದ ಚಪ್ಪರದ ಮೇಲೆ ಕೂರಿಸಬೇಕು, ಅದರ ನೆರಳಿನಲ್ಲಿ ಬಣ್ಣದ ನೂಲಿನ ಲಡಿ ಬಿಡಿಸಿ ಕಟ್ಟುವ ಮೂವತ್ತು ಹೆಂಗಸರು ಕೂರಬೇಕು ಎಂದು ತೀರ್ಮಾನವಾಯಿತು. ಪುಣೆಯ ಇಂಜಿನಿಯರೊಬ್ಬರು ತೆಳ್ಳಗಿನ ಎಂಟು ಕಂಬದ ನಕ್ಷೆ ಕಳಿಸಿದರು. ಅದರಲ್ಲಿ ಗಾಳಿಯ ಲೆಕ್ಕವಿತ್ತು, ಭೂಕಂಪದ ಲೆಕ್ಕ ಇರಲಿಲ್ಲ. ನಿಮ್ಮ ಊರಿನ ನೆಲಕ್ಕೆ ಅದರ ಅಗತ್ಯವಿಲ್ಲ ಎಂದು ಕೆಳಗೆ ಬರೆದಿದ್ದರು.

ಗೊಲ್ಲಾಳಪ್ಪ ಆ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಂದು ಕೈಗಾಡಿಯ ಮೇಲೆ ಸಣ್ಣ ಸಲಾಕೆಯೊಂದನ್ನು ನೆಟ್ಟಗೆ ಬೆಸೆದು, ಅದರ ತುದಿಗೆ ಕಬ್ಬಿಣದ ಗಟ್ಟಿ ಸಿಕ್ಕಿಸಿ, ನನ್ನನ್ನೂ ಕಾಕಾನನ್ನೂ ಕರೆದ. ಗಾಡಿಯನ್ನು ಒಮ್ಮೆಲೇ ಎಳೆದ. ಗಾಡಿ ಮುಂದೆ ಬಂತು, ಗಟ್ಟಿ ಹಿಂದೆಯೇ ಉಳಿಯಿತು, ನಡುವಿನ ಸಲಾಕೆ ಬುಡದಲ್ಲಿ ಕಳಚಿ ಬಿತ್ತು.

“ಗಾಳಿ ತಲಿ ಹಿಡದು ನೂಕತದ್ರಿ ಸಾಹೇಬ್ರ,” ಅಂದ. “ಭೂಮಿ ಕಾಲ ಹಿಡದು ಎಳೀತದ. ಎರಡಕ್ಕೂ ಒಂದಽ ಲೆಕ್ಕಾ ನಡ್ಯಾಂಗಿಲ್ಲ.”

ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ಡಿಪ್ಲೊಮಾದವನಿಗೆ ಪಾಠ ಹೇಳಿದ್ದು ನನಗೆ ಸೇರಲಿಲ್ಲ. ಆದರೂ ಅವನು ಹೇಳಿದಂತೆ ನಕ್ಷೆ ತಿದ್ದಿದೆ. ಟ್ಯಾಂಕು ಚಪ್ಪರದ ತಲೆಯಿಂದ ನೆಲಕ್ಕೆ ಇಳಿಯಿತು. ನಾಲ್ಕೂ ಬದಿಯ ಕೊನೆಯ ಅಂಕಣಗಳಲ್ಲಿ ಕತ್ತರಿಯ ಆಕಾರದ ಓರೆ ಪಟ್ಟಿಗಳು ಬಂದವು. ತೊಲೆಗಳ ತುದಿಯನ್ನು ಕಂಬಕ್ಕಿಂತ ಮೆತ್ತಗೆ ಇಟ್ಟ, ನೆಲ ಜಗ್ಗಿದರೆ ಮೊದಲು ತೊಲೆ ಬಾಗಲಿ, ಕಂಬ ನಿಂತಿರಲಿ ಎಂದು. ಪ್ರತಿ ಕಂಬದ ಪಾದಕ್ಕೂ ದಪ್ಪ ಪ್ಲೇಟು, ಅದನ್ನು ಹಿಡಿಯಲು ನಾಲ್ಕು ಉದ್ದನೆಯ ಬೋಲ್ಟು. ಇಷ್ಟು ಕಬ್ಬಿಣ ಯಾಕೆ ಎಂದು ಗೊಣಗುತ್ತಿದ್ದ ಕಾಕಾ ಕೊನೆಗೆ ಒಪ್ಪಿದ್ದು ಕೆಳಗೆ ಕೂರುವ ಹೆಂಗಸರಿಗಾಗಿ ಅಲ್ಲ, ಮೇಲಿನ ಗಾಜಿಗಾಗಿ. ಯಾವುದಕ್ಕಾದರೂ ಇರಲಿ, ಒಪ್ಪಿದರಲ್ಲ ಎಂದು ನಾನು ಕಬ್ಬಿಣ ತರಿಸಿದೆ.

ಮೊದಲು ನಿಲ್ಲಿಸುವುದು ಈಶಾನ್ಯದ ಕಂಬ. ಗೊಲ್ಲಾಳಪ್ಪನ ಮನೆತನದಲ್ಲಿ ಹೊಸ ಕುರಿದೊಡ್ಡಿ ಹಾಕುವಾಗ ಮೊದಲ ಗೂಟದ ಬುಡಕ್ಕೆ ಒಂದು ಹಿಡಿ ಉಣ್ಣೆ, ಒಂದು ಚಿಟಿಕೆ ಭಂಡಾರದ ಅರಿಸಿನ ಇಡುತ್ತಿದ್ದರಂತೆ, ಬೀರೋಬ ದೊಡ್ಡಿ ಕಾಯಲಿ ಎಂದು. ಇಲ್ಲೂ ಹಾಗೇ ಮಾಡಬೇಕು ಎಂದ. ಕಾಕಾ ದೇವರಿಗೆ ಅಂಜುವ ಮನುಷ್ಯ, ತಕ್ಷಣ ಹೂಂ ಅಂದರು. ಆ ದಿನ ಅವನು ಆಳುಗಳನ್ನೆಲ್ಲ ಚಹಾಕ್ಕೆ ಕಳಿಸಿ, ಅಕ್ಕಲಕೋಟದಿಂದ ಹೆಂಡತಿಯನ್ನು ಕರೆಸಿದ. ಇಬ್ಬರೇ ನಿಂತು ಪೂಜೆ ಮಾಡಿದರು. ನಾನು ನನ್ನ ಕಿಟಕಿಯಿಂದ ನೋಡುತ್ತಿದ್ದೆ. ತುಳಜಾಬಾಯಿ ಸೀರೆಯ ಮಡಿಲಿನಿಂದ ಏನೋ ತೆಗೆದು ಗಂಡನ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಅವಳ ಕೈ ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಚಾಚಿಕೊಂಡೇ ಇತ್ತು.

ಚಪ್ಪರ ಎದ್ದಿತು. ಮರುವರ್ಷ ಏಪ್ರಿಲ್ ಹೊತ್ತಿಗೆ ಮೇಲೆ ನೀರು ಕಾಯತೊಡಗಿತು, ಕೆಳಗೆ ಹೆಂಗಸರು ಬಂದು ಕೂತರು. ಅಕ್ಕಲಕೋಟದ ಬೆಳಗಿನ ಬಸ್ಸಿಗೆ ಬರುವವರಲ್ಲಿ ತುಳಜಾಬಾಯಿಯೂ ಇದ್ದಳು. ಮಾಡಿನ ಕೆಳಗೆ ಕೂರದವಳು ಇಲ್ಲಿಗೆ ಹೇಗೆ ಬಂದಳು ಎಂದು ಹೆಂಗಸರಿಗೇ ಬೆರಗು. ಬಂದವಳು ನೆಟ್ಟಗೆ ಹೋಗಿ ಈಶಾನ್ಯದ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಮರುದಿನವೂ ಅಲ್ಲೇ. ಆ ಜಾಗ ಅವಳದಾಯಿತು. ಲಡಿ ಕಟ್ಟುತ್ತ ಸಣ್ಣಗೆ ಏನೋ ಗುನುಗುತ್ತಿದ್ದಳು. ಗೊಲ್ಲಾಳಪ್ಪ ಅಂಗಳದಲ್ಲಿ ಕೆಲಸವಿಲ್ಲದಿದ್ದರೂ ಏನಾದರೂ ನೆಪ ತೆಗೆದು ಬಂದು, ದೂರದಿಂದ ಅವಳನ್ನು ನೋಡಿ ಹೋಗುತ್ತಿದ್ದ. ಅವನ ಮುಖದಲ್ಲಿ ನಾನು ಮೊದಲ ಸಲ ಸಮಾಧಾನ ಕಂಡದ್ದು ಆಗಲೇ.

ಅಕ್ಕಪಕ್ಕದ ಶೆಡ್ಡುಗಳಲ್ಲಿ ಮಗ್ಗಗಳು ಹಗಲಿಡೀ ಬಡಿಯುತ್ತಿದ್ದವು. ಅವು ಶುಕ್ರವಾರ ಮಾತ್ರ ನಿಲ್ಲುತ್ತಿದ್ದವು. ನಮ್ಮ ಬಣ್ಣದ ಕೆಲಸ ಆ ದಿನವೂ ಇರುತ್ತಿತ್ತು. ಮೇ ತಿಂಗಳ ಒಂದು ಶುಕ್ರವಾರ, ನಡು ಮಧ್ಯಾಹ್ನ, ನೆರಳೆಲ್ಲ ಕಾಲ ಕೆಳಗೆ ಸೇರಿಕೊಂಡ ಹೊತ್ತು. ಮಗ್ಗದ ಸದ್ದು ನಿಂತ ಎಂಐಡಿಸಿಯಲ್ಲಿ ನಮ್ಮ ಉಸಿರು ನಮಗೇ ಕೇಳಿಸುತ್ತದೆ. ನಾನು ಮೇಜಿನ ಮುಂದೆ ಬುತ್ತಿ ಬಿಚ್ಚಿದ್ದೆ. ಅಂಗಳದಿಂದ ಸದ್ದು ಬಂತು. ಟಕ್, ಟಕ್, ಟಕ್. ಆಮೇಲೆ ನಿಂತಿತು. ಮತ್ತೆ ಮೂರು.

ಹೊರಗೆ ಬಂದೆ. ಹೆಂಗಸರೆಲ್ಲ ರೊಟ್ಟಿ ಕೈಯಲ್ಲಿ ಹಿಡಿದು ಒಂದೇ ಕಡೆ ನೋಡುತ್ತಿದ್ದರು. ಸದ್ದು ಈಶಾನ್ಯದ ಕಂಬದಿಂದ ಬರುತ್ತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಬೆನ್ನು ಕೊಟ್ಟು ಕೂತ ತುಳಜಾಬಾಯಿ ಕಣ್ಣು ಮುಚ್ಚಿದ್ದಳು. ಅವಳ ಪಕ್ಕದಲ್ಲಿದ್ದ ರೇವಮ್ಮ ಎಂಬಾಕೆ ತನ್ನ ಚೀಲ ಎತ್ತಿಕೊಂಡು ಚಪ್ಪರದ ಇನ್ನೊಂದು ತುದಿಗೆ ಹೋದಳು. ಅಂಗಳದ ಬಾಗಿಲಲ್ಲಿ ನಿಂತಿದ್ದ ಗೊಲ್ಲಾಳಪ್ಪನ ಮುಖ ಸುಣ್ಣದಂತಾಗಿತ್ತು. ನನ್ನನ್ನು ನೋಡಿದ, ತಿರುಗಿ ಬಿಸಿಲಿಗೆ ನಡೆದುಬಿಟ್ಟ.

ಮುಂದಿನ ಶುಕ್ರವಾರವೂ ಅದೇ ಹೊತ್ತಿಗೆ ಸದ್ದು ಬಂತು. ಅದರ ಮುಂದಿನದೂ ಬಂತು. ನಾನು ಕಾರಣ ಹುಡುಕುವ ಹಟ ಹಿಡಿದೆ. ಹತ್ತಿರದ ರೈಲು ಹಳಿಯಲ್ಲಿ ದುಧನಿಯ ಕಡೆಯಿಂದ ಬರುವ ಗೂಡ್ಸ್ ಗಾಡಿ ಹನ್ನೆರಡೂವರೆಯ ಸುಮಾರಿಗೆ ಹಾಯುತ್ತಿತ್ತು. ಅದರಿಂದ ನೆಲ ಸಣ್ಣಗೆ ನಡುಗುತ್ತದೆ. ಬಿಸಿಲಿಗೆ ತೊಲೆಗಳು ಉದ್ದವಾಗಿ ಕಂಬದ ತಲೆಯನ್ನು ನೂಕುತ್ತವೆ. ಎರಡೂ ಸೇರಿ, ಎಲ್ಲೋ ಸಡಿಲವಿರುವ ಒಂದು ಕಂಬ ಎದ್ದು ಕೂರುತ್ತದೆ. ಉಳಿದ ದಿನ ಮಗ್ಗದ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಇಷ್ಟನ್ನು ಕಾಗದದ ಮೇಲೆ ಬರೆದು ನನಗೆ ನಾನೇ ಶಭಾಶ್ ಎಂದುಕೊಂಡೆ. ಜೂನ್ ತಿಂಗಳ ಒಂದು ಶುಕ್ರವಾರ ಗೂಡ್ಸ್ ಗಾಡಿ ಬರಲೇ ಇಲ್ಲ. ಆಕಾಶ ತುಂಬ ಮೋಡ, ಕಬ್ಬಿಣ ಮುಟ್ಟಿದರೆ ತಣ್ಣಗಿತ್ತು. ಹನ್ನೆರಡೂವರೆಗೆ ಕಂಬ ಮೂರು ಸಲ ಬಡಿಯಿತು.

ಆ ದಿನ ಸಂಜೆ ಹೆಂಗಸರು ಬಸ್ಸಿಗೆ ಹೋದ ಮೇಲೆ ನಾನು ಆ ಕಂಬದ ಬುಡದಲ್ಲಿ ಮೊಣಕಾಲೂರಿ ಕೂತೆ. ಕಿಸೆಯಲ್ಲಿದ್ದ ಒಂದು ಪೋಸ್ಟ್‌ಕಾರ್ಡನ್ನು ಪಾದದ ಪ್ಲೇಟಿನ ಕೆಳಗೆ ತೂರಿಸಿ ನೋಡಿದೆ. ಸರಿಯಾಗಿ ಸಿಮೆಂಟು ತುಂಬಿದ್ದರೆ ಕೂದಲೂ ಹೋಗಬಾರದು. ಕಾರ್ಡು ಅರ್ಧ ಒಳಗೆ ಹೋಯಿತು. ಒಳಗೆ ಏನೋ ಮೆತ್ತಗಿತ್ತು. ಹೊರಗೆಳೆದಾಗ ಅದರ ಅಂಚಿಗೆ ಅರಿಸಿನ ಮೆತ್ತಿತ್ತು, ಅರಿಸಿನದಲ್ಲಿ ಕಪ್ಪು ಉಣ್ಣೆಯ ಎರಡು ಎಳೆ ಅಂಟಿದ್ದವು. ಒಂದು ಹಿಡಿ ಉಣ್ಣೆ ಇಷ್ಟು ಜಾಗ ಹಿಡಿಯುವುದಿಲ್ಲ. ಕಂಬ ನಿಂತದ್ದು ಸಿಮೆಂಟಿನ ಮೇಲಲ್ಲ, ಕಂಬಳಿಯ ಮೇಲೆ. ಅದೂ ನೆಲ ಜಗ್ಗಿದರೆ ಎರಡು ಬದಿಯ ಓರೆ ಪಟ್ಟಿಗಳ ಎಳೆತ ಬಂದು ಬೀಳುವ ಮೂಲೆಯ ಕಂಬ. ಕಂಬಳಿ ಕುಗ್ಗಿ ಬೋಲ್ಟುಗಳ ಬಿಗಿಯೂ ಸಡಿಲಾಗಿತ್ತು.

ಮರುದಿನ ಗೊಲ್ಲಾಳಪ್ಪನ ಮುಂದೆ ಆ ಕಾರ್ಡು ಇಟ್ಟೆ. ನನಗೆ ಸಿಟ್ಟು ಬಂದಿತ್ತು. ಊರಿಗೆಲ್ಲ ಭೂಕಂಪದ ಪಾಠ ಹೇಳಿದವನು ತನ್ನ ಕೈಯಾರೆ ಬುಡ ಟೊಳ್ಳು ಮಾಡಿದ್ದಾನೆ, ನಾಳೆ ನೆಲ ಅಲುಗಿದರೆ ಈ ಮೂಲೆ ಮೊದಲು ಕೂರುತ್ತದೆ, ಇಡೀ ಗಾಜು ಹೆಂಗಸರ ತಲೆಯ ಮೇಲೆ ಬರುತ್ತದೆ ಎಂದು ಬಾಯಿಗೆ ಬಂದಂತೆ ಅಂದೆ. ಅವನು ಎಲ್ಲ ಕೇಳಿಸಿಕೊಂಡ. ಉಣ್ಣೆಯ ಎಳೆಗಳನ್ನು ಕಾರ್ಡಿನಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ ಹೇಳಿದ.

“ಅವತ್ತ ನಾ ರಾತ್ರಿ ಪಾಳಿ ಮ್ಯಾಲ ಇದ್ದೆ. ಈಕಿ ಹೊರಗ ನೀರಿಗೆ ಎದ್ದಿದ್ಳು. ನಾ ಓಡಿ ಬರೂದರಾಗ ಮನಿ ನೆಲಕ್ಕ ಕೂತಿತ್ತು. ತಗಡಿನ ಕೆಳಗಿಂದ ಪೋರಿ ಬಡೀತಿದ್ಳು ಸಾಹೇಬ್ರ. ಮೂರು ಸಲ ಬಡ್ಯಾಕಿ, ನಿಂದ್ರಾಕಿ. ಮತ್ತ ಮೂರು. ನಾವಿಬ್ರೂ ಕೈಲೇ ಕಲ್ಲು ತಗದೀವಿ. ಬೆಳಕ ಹರ್ಯೂದ್ರಾಗ ಬಡ್ಯೂದು ನಿಂತಿತ್ತು.”

ಕಂಬದ ಕೆಳಗಿದ್ದದ್ದು ಆ ಮಗು ಹೊದ್ದು ಮಲಗಿದ್ದ ಕಂಬಳಿಯ ತುಂಡು. ತುಳಜಾಬಾಯಿ ಅದನ್ನು ಹನ್ನೊಂದು ವರ್ಷ ಗಂಟಿನಲ್ಲಿ ಕಟ್ಟಿಟ್ಟಿದ್ದಳು. ಚಪ್ಪರದ ಕೆಲಸಕ್ಕೆ ಹೆಂಗಸರು ಬೇಕು ಎಂದಾಗ ಗೊಲ್ಲಾಳಪ್ಪ ಅವಳನ್ನು ಕರೆದ. ತಾನು ಕೂರುವುದಾದರೆ ಮೊದಲ ಕಂಬವನ್ನು ತನ್ನ ಮಗಳೇ ಹಿಡಿದಿರಬೇಕು, ಅವಳು ಹಿಡಿದರೆ ಬೀಳುವುದಿಲ್ಲ ಎಂದಳಂತೆ. ದೊಡ್ಡಿಯ ಪದ್ಧತಿ ಹೇಗೂ ಇತ್ತು. ಗೂಟದ ಬುಡಕ್ಕೆ ಉಣ್ಣೆ ಇಟ್ಟರೆ ಏನೂ ಆಗುವುದಿಲ್ಲ. ಟನ್ನುಗಟ್ಟಲೆ ಭಾರ ಹೊರುವ ಕಂಬದ ಬುಡಕ್ಕೆ ನಾಲ್ಕು ಮಡಿಕೆ ಕಂಬಳಿ ಇಟ್ಟರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

“ಇಡಬಾರದಿತ್ತು ಅಂತ ಗೊತ್ತಿತ್ರಿ. ಇಟ್ಟೆ,” ಅಂದ. “ಹನ್ನೊಂದು ವರ್ಷದ ಮ್ಯಾಲ ಆಕಿ ಒಂದು ನೆಳ್ಳಿನ ಕೆಳಗ ಕೂತಾಳ.”

ತೆಗೆದು ಸರಿಮಾಡುತ್ತೇನೆ, ಸ್ವಲ್ಪ ದಿನ ಕೊಡಿ ಎಂದು ಕೇಳಿಕೊಂಡ. ನಾನು ಕೊಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮೂವತ್ತು ಜನರ ತಲೆಯ ಮೇಲಿನ ಮಾತು, ನಾನು ಒಬ್ಬಳ ಗುನುಗು ಕೇಳಿ ಕರಗಿ ಸುಮ್ಮನಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು. ಶುಕ್ರವಾರಗಳು ಬಂದವು. ಅಷ್ಟರಲ್ಲಿ ಆ ಸದ್ದಿಗೆ ಹೆಂಗಸರೂ ಒಗ್ಗಿಹೋಗಿದ್ದರು. ಮೂರು ಬಡಿತ ಕೇಳಿದ ಮೇಲೆಯೇ ಬುತ್ತಿ ಬಿಚ್ಚುತ್ತಿದ್ದರು. ಒಬ್ಬಿಬ್ಬರು ಕಂಬದ ಬುಡಕ್ಕೆ ರೊಟ್ಟಿಯ ಚೂರು ಇಡತೊಡಗಿದರು. ಇಟ್ಟದ್ದು ಸಂಜೆಗೆ ಇರುತ್ತಿರಲಿಲ್ಲ. ಅಳಿಲು ತಿನ್ನುತ್ತದೆ ಎಂದು ನಾನು ಹೇಳುತ್ತಿದ್ದೆ. ಎಂಐಡಿಸಿಯಲ್ಲಿ ಒಂದು ಅಳಿಲನ್ನೂ ನಾನು ಕಂಡಿರಲಿಲ್ಲ.

ದಸರೆಯ ಹಿಂದಿನ ಶುಕ್ರವಾರ. ಮಗ್ಗ ನಿಂತಿದ್ದವು. ನಾನು ಚಪ್ಪರದ ಎದುರಿಗೇ ನಿಂತು ಬಣ್ಣದ ತೊಟ್ಟಿಯನ್ನು ನೋಡುತ್ತಿದ್ದೆ. ತೊಟ್ಟಿಯ ಕೆಂಪು ನೀರು ಯಾರೂ ಮುಟ್ಟದೆ ಒಂದು ಬದಿಗೆ ಏರಿ ನಿಂತಿತು. ಆಮೇಲೆ ಇನ್ನೊಂದು ಬದಿಗೆ. ನನಗೆ ತಲೆ ತಿರುಗಿದಂತಾಯಿತು. ಮೇಲಿನ ಇಪ್ಪತ್ತನಾಲ್ಕು ಗಾಜುಗಳು ಒಟ್ಟಿಗೆ ಹಲ್ಲು ಕಡಿದಂತೆ ಸದ್ದು ಮಾಡಿದವು. ಏಳು ಕಂಬಗಳು ಒಂದೇ ಸಲ ಓಲಿ, ಒಂದೇ ಸಲ ವಾಪಸು ಬಂದವು. ಗೊಲ್ಲಾಳಪ್ಪನ ಕತ್ತರಿ ಪಟ್ಟಿಗಳು ಅವನ್ನು ಹಿಡಿದು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಎಂಟನೆಯದು, ಈಶಾನ್ಯದ್ದು, ಎದ್ದಿತು. ಪ್ಲೇಟಿನ ಕೆಳಗೆ ಬಿಸಿಲಿನ ಒಂದು ಗೆರೆ ಕಾಣಿಸಿತು. ಮರುಕ್ಷಣ ಕಂಬ ಕೂತಿತು. ಆ ಮೂಲೆಯ ಫಲಕದ ಗಾಜು ಉದ್ದಕ್ಕೆ ಸೀಳಿತು.

ಹೆಂಗಸರು ರಸ್ತೆಗೆ ಓಡಿದರು. ತುಳಜಾಬಾಯಿ ಏಳಲಿಲ್ಲ. ನಾನು ಅವಳ ಕೈ ಹಿಡಿದು ಎಳೆಯಲು ಹೋದೆ. ಅವಳು ಎರಡೂ ಅಂಗೈಯನ್ನು ಪ್ಲೇಟಿನ ಮೇಲೆ ಊರಿ, ಬಾಯಿ ಕಬ್ಬಿಣಕ್ಕೆ ಹತ್ತುವಷ್ಟು ಬಗ್ಗಿ, “ಬಂದೆ ನನ್ನವ್ವ, ಬಂದೆ,” ಅನ್ನುತ್ತಿದ್ದಳು. ಅವಳ ಬೆರಳುಗಳು ಕಲ್ಲು ಸರಿಸುವವರ ಬೆರಳಿನಂತೆ ಸಿಮೆಂಟನ್ನು ಕೆರೆಯುತ್ತಿದ್ದವು. ನಾನು ಹೆದರಿ ಕೈ ಬಿಟ್ಟೆ.

ಅಲುಗಿದ್ದು ಅಷ್ಟೇ. ಊರಲ್ಲಿ ಅರ್ಧ ಜನಕ್ಕೆ ಗೊತ್ತೂ ಆಗಲಿಲ್ಲ. ಗಾಜು ಬಿಸಿಲಿಗೆ ಸೀಳಿದೆ ಎಂದು ಕಾಕಾ ತೀರ್ಪು ಕೊಟ್ಟರು. ನಾನು ಆಗ ಎಲ್ಲವನ್ನೂ ಬಾಯಿ ಬಿಟ್ಟೆ. ಕಂಬಳಿಯ ಮಾತು ಕೇಳಿ ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. ಬೀರೋಬನ ಹೆಸರಿನಲ್ಲಿ ಇಟ್ಟದ್ದು, ಅದರಲ್ಲೂ ಸತ್ತ ಮಗುವಿನದು, ಅದನ್ನು ಕೀಳುವ ಪಾಪ ತಮಗೆ ಬೇಡ, ಹೆಂಗಸರನ್ನು ಬೇಕಾದರೆ ಆ ಮೂಲೆಯಿಂದ ದೂರ ಕೂರಿಸಿ ಎಂದರು. ಒಂದು ಮೂಲೆ ಬಿದ್ದರೆ ಉಳಿದದ್ದು ನಿಂತಿರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರೋ. ನನಗೆ ಮೈ ಉರಿಯಿತು. ಆದರೆ ಆ ಕಂಬವನ್ನು ಎತ್ತುವ ಧೈರ್ಯವಿದ್ದ ಆಳು ನನಗೆ ಒಬ್ಬನೂ ಸಿಗಲಿಲ್ಲ. ಕೇಳಿದವರೆಲ್ಲ ಕೈ ಮುಗಿದು ಹೋದರು.

ಗೊಲ್ಲಾಳಪ್ಪನೇ ಬಂದ. ದಸರೆಯಲ್ಲಿ ಆಯುಧಗಳ ಖಂಡೇಪೂಜೆಗೆ ಮಗ್ಗಗಳು ಮೂರು ದಿನ ನಿಲ್ಲುತ್ತವೆ, ಹೊಸ ಸಿಮೆಂಟು ಬಿಗಿಯಲು ನೆಲ ಅಲುಗಬಾರದು, ಆ ಮೂರು ದಿನದಲ್ಲೇ ಆಗಬೇಕು ಎಂದ. ಮೊದಲ ದಿನ ಬೆಳಿಗ್ಗೆ ಫಲಕಗಳ ನೀರನ್ನೆಲ್ಲ ಇಳಿಸಿದೆವು. ಮೂಲೆಯ ತೊಲೆಗೆ ಎರಡು ಊರುಗೋಲು ಕೊಟ್ಟೆವು. ಒಂದು ಲಾರಿಯ ಜಾಕ್ ತಂದು ಕಂಬದ ಪಕ್ಕದಲ್ಲಿ ಇಟ್ಟೆವು. ರಜೆಯ ದಿನ, ಅಂಗಳದಲ್ಲಿ ನಾವಿಬ್ಬರೇ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ತುಳಜಾಬಾಯಿ ಬಂದು ತನ್ನ ಜಾಗದಲ್ಲಿ ಕೂತಿದ್ದಳು.

ಗೊಲ್ಲಾಳಪ್ಪ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಏಳು ಅಂದ.

“ನಾ ಏಳಂಗಿಲ್ರಿ. ನೀವು ಆಕಿನ್ನ ತಗದು ಒಗೀತೀರಿ.”

“ಇದು ನಿನ್ನ ಮ್ಯಾಲ ಬೀಳತದ.”

“ಬೀಳ್ಲಿ. ಆಕಿ ಮ್ಯಾಲ ಬಿದ್ದಿಲ್ಲೇನು?”

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟ. ಆಮೇಲೆ ಬಹಳ ಮೆಲ್ಲಗೆ ಹೇಳಿದ: “ನೀ ಒಬ್ಬಾಕಿ ಇದ್ರ ನಾನೂ ಬಂದು ನಿನ್ನ ಬಾಜೂಕ ಕೂಡ್ತಿದ್ದೆ. ಬಿದ್ರ ಬೀಳ್ಲಿ ಅಂತಿದ್ದೆ. ಮೂವತ್ತು ಮಂದಿ ಅದಾರ. ಅವರ ಮನ್ಯಾಗೂ ಪೋರಿ ಅದಾವು.”

ತುಳಜಾಬಾಯಿ ಅವನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. ದೂರ ಹೋಗಲಿಲ್ಲ, ಅಲ್ಲೇ ಎರಡು ಮಾರು ಆಚೆ ಬಿಸಿಲಿನಲ್ಲಿ ನಿಂತಳು.

ಬೋಲ್ಟುಗಳ ತಿರುಪು ಬಿಚ್ಚಿದೆವು. ನಾನು ಜಾಕ್ ತಿರುವಿದೆ. ಕಂಬ ಕಿರುಗುಟ್ಟಿ, ಕೂದಲಿನಷ್ಟು, ಆಮೇಲೆ ಬೆರಳಿನಷ್ಟು, ಆಮೇಲೆ ಎರಡು ಬೆರಳಿನಷ್ಟು ಎದ್ದಿತು. ಗೊಲ್ಲಾಳಪ್ಪ ನೆಲಕ್ಕೆ ಮಲಗಿ ಪ್ಲೇಟಿನ ಕೆಳಗೆ ಕೈ ಹಾಕಿದ. ಆಗ ಕಂಬ ಏನನ್ನೂ ಮುಟ್ಟಿರಲಿಲ್ಲ. ಕೆಳಗೆ ಗಾಳಿ, ಸುತ್ತ ಗಾಳಿ. ನೆಲ ಅಲುಗಿರಲಿಲ್ಲ, ಗಾಡಿ ಹಾಯ್ದಿರಲಿಲ್ಲ, ಬೆಳಗಿನ ಎಂಟೂವರೆ ಗಂಟೆ. ಅದರೊಳಗಿಂದ ಬಂತು. ಟಕ್, ಟಕ್, ಟಕ್.

ಜಾಕಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದೆ. ಬಿಟ್ಟರೆ ಆ ಭಾರವೆಲ್ಲ ಅವನ ಮಣಿಕಟ್ಟಿನ ಮೇಲೆ. ಭಾರ ಕಳೆದುಕೊಂಡ ಕಬ್ಬಿಣ ಹಾಗೆ ಸದ್ದು ಮಾಡಬಹುದು ಎಂದು ಆಮೇಲೆ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗ ಒಮ್ಮೆಯೂ ನನಗೆ ನಂಬಿಕೆ ಬಂದಿಲ್ಲ. ಗೊಲ್ಲಾಳಪ್ಪ ಕೈ ಹೊರಗೆ ತೆಗೆಯಲಿಲ್ಲ. ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಆ ಸಂದಿಯೊಳಗೆ ನೋಡುತ್ತ, ಮಗುವಿಗೆ ಹೇಳುವ ದನಿಯಲ್ಲಿ, “ಸಾಕು ನನ್ನವ್ವ. ಸಾಕು,” ಅಂದ.

ಮತ್ತೆ ಬರಬೇಕಾದ ಮೂರು ಬಡಿತ ಬರಲಿಲ್ಲ. ಅವನು ತುಂಡನ್ನು ಎಳೆದು ತೆಗೆದ. ರೊಟ್ಟಿಯಂತೆ ಚಪ್ಪಟೆಯಾಗಿತ್ತು, ಒಂದು ಬದಿಗೆ ಭಂಡಾರದ ಹಳದಿ, ಇನ್ನೊಂದು ಬದಿಗೆ ಪ್ಲೇಟಿನ ತುಕ್ಕು. ತುಳಜಾಬಾಯಿ ಮಡಿಲು ಚಾಚಿದಳು. ಅದನ್ನು ಅದರಲ್ಲಿ ಹಾಕಿಕೊಂಡು, ಸೆರಗು ಮುಚ್ಚಿ, ಬಸ್ಸಿನ ಕಡೆ ನಡೆದುಹೋದಳು. ನಾವು ಆ ಸಂದಿಗೆ ಸಿಮೆಂಟು ಮರಳನ್ನು ಗಟ್ಟಿಯಾಗಿ ಜಡಿದೆವು. ಗೊಲ್ಲಾಳಪ್ಪ ಮೂರು ದಿನವೂ ಅದಕ್ಕೆ ಒದ್ದೆ ಗೋಣಿ ಹೊದಿಸಿ ಪಕ್ಕದಲ್ಲೇ ಕೂತಿದ್ದ. ನಾನು ಅವನ ಜೊತೆ ಬುತ್ತಿ ಮಾತ್ರ ಹಂಚಿಕೊಂಡೆ.

ಹಬ್ಬದ ಮೇಲೆ ಕೆಲಸ ಶುರುವಾಯಿತು. ತುಳಜಾಬಾಯಿ ಬರುವುದಿಲ್ಲ, ಮತ್ತೆ ಬೇವಿನ ಬುಡಕ್ಕೆ ಹೋಗುತ್ತಾಳೆ ಎಂದು ಗೊಲ್ಲಾಳಪ್ಪನೂ ಅಂದುಕೊಂಡಿದ್ದ, ನಾನೂ ಅಂದುಕೊಂಡಿದ್ದೆ. ಮೊದಲ ಶುಕ್ರವಾರ ಅವಳು ಬಸ್ಸಿನಿಂದ ಇಳಿದಳು. ಅಂಗಳದ ಬಿಸಿಲಿನಲ್ಲಿ ಬಹಳ ಹೊತ್ತು ನಿಂತಳು. ಒಳಗೆ ಬಂದು ಅದೇ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಹನ್ನೆರಡೂವರೆ ಆಯಿತು. ಗೂಡ್ಸ್ ಗಾಡಿ ಹಾಯಿತು. ಹೆಂಗಸರು ಬುತ್ತಿ ಬಿಚ್ಚದೆ ಕಾದರು. ಏನೂ ಕೇಳಿಸಲಿಲ್ಲ.

ತುಳಜಾಬಾಯಿ ಲಡಿಯನ್ನು ಕೆಳಗಿಟ್ಟಳು. ಕಂಬದ ಕಡೆ ತಿರುಗಿ, ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿದಳು. ಕಿವಿ ಹಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಗೊಲ್ಲಾಳಪ್ಪ ಚೌಕಟ್ಟನ್ನು ಹಿಡಿದುಕೊಂಡ. ಅವಳು ಇನ್ನೊಮ್ಮೆ ತಟ್ಟಲಿಲ್ಲ. ಎದ್ದು ಹೋಗಲೂ ಇಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ತನ್ನ ಕಡೆಯೇ ನೋಡುತ್ತಿದ್ದ ಹೆಂಗಸರ ಕಡೆ ತಿರುಗಿದಳು.

“ಮಲಗ್ಯಾಳ,” ಅಂದಳು.

ಆ ಮಧ್ಯಾಹ್ನವಿಡೀ ಚಪ್ಪರದ ಕೆಳಗೆ ಮೂವತ್ತು ಹೆಂಗಸರು ಪಿಸುಮಾತಿನಲ್ಲೇ ಕೆಲಸ ಮಾಡಿದರು.